ನಾಯಕರ ಖಾಸಗಿ ಬದುಕು ನಮಗೇಕೆ ಬೇಕು?

ರಾಜಕಾರಣಿಯೊಬ್ಬರ ಹಗರಣ ಹೊರಬಿದ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ: 'ಅದು ಅವರ ಮನೆಯ ವಿಷಯ, ನಮಗೇಕೆ?' ಇಬ್ಬರು ವಯಸ್ಕರು ಮನಸಾರೆ ಒಪ್ಪಿದ ಸಂಬಂಧವಷ್ಟೇ ಆಗಿದ್ದರೆ ನಮಗೆ ಖಂಡಿತ ಬೇಡ. ಆದರೆ ಅದನ್ನು ಮುಚ್ಚಲು ಕೊಡುವ ಸಬೂಬು ಮನೆಯೊಳಗೇ ಉಳಿಯುವುದಿಲ್ಲ. ಸದನಕ್ಕೆ, ನ್ಯಾಯಾಲಯಕ್ಕೆ, ಸರ್ಕಾರಿ ಸಿಬ್ಬಂದಿಯ ಬಾಯಿಗೆ ಬರುತ್ತದೆ. ನಾವು ಪರೀಕ್ಷಿಸಬೇಕಾದದ್ದು ಅದನ್ನು.

ಬ್ರಿಟನ್ನಿನ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ 1963ರ ಮಾರ್ಚ್‌ನಲ್ಲಿ, ಯುವತಿಯೊಬ್ಬಳ ಜತೆ ಅನುಚಿತವಾದದ್ದೇನೂ ನಡೆದಿಲ್ಲವೆಂದು ಸಂಸತ್ತಿಗೆ ಹೇಳಿದರು. ಜೂನ್‌ನಲ್ಲಿ ರಾಜೀನಾಮೆ ಕೊಡುವಾಗ, ಸದನಕ್ಕೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡರು. ಆಕೆಗೆ ಸೋವಿಯತ್ ನೌಕಾಪಡೆಯ ಅಧಿಕಾರಿಯೊಬ್ಬನ ಪರಿಚಯವೂ ಇತ್ತು. ಇಷ್ಟಾದ ಮೇಲೆ ಅದು ಮನೆಯ ವಿಷಯವಾಗಿ ಉಳಿಯುವುದು ಹೇಗೆ?

ನಿರಾಕರಣೆ ಕೇಳಿದ ಕೂಡಲೇ ದಿನಾಂಕದ ಸಮೇತ ಮಾತನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳಿ. ಆಮೇಲೆ ಕ್ರಿಯಾಪದ ನೋಡಿ. 'ಸಂಬಂಧ ಇಲ್ಲ' ಎಂದರೆ ಇವತ್ತು ಇಲ್ಲ ಎಂದಷ್ಟೇ. 'ಇರಲೇ ಇಲ್ಲ' ಎನ್ನುವುದು ಬೇರೆ ಮಾತು. 1998ರ ಜನವರಿಯಲ್ಲಿ ಅಂದಿನ ಅಮೆರಿಕ ಅಧ್ಯಕ್ಷ ಬಿಲ್ ಕ್ಲಿಂಟನ್, ಯುವತಿಯೊಬ್ಬಳ ಜತೆಗಿನ ಸಂಬಂಧವನ್ನು ಒಂದು ಟಿವಿ ಸಂದರ್ಶನದಲ್ಲಿ ವರ್ತಮಾನಕಾಲದಲ್ಲೇ ನಿರಾಕರಿಸಿದ್ದರು. ಆಗಸ್ಟ್ 17ರಂದು ಅನುಚಿತ ಸಂಬಂಧವಿದ್ದದ್ದನ್ನು ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಹೊರಿಸಿದ ಆರೋಪಗಳು ಸುಳ್ಳು ಸಾಕ್ಷ್ಯ ಮತ್ತು ನ್ಯಾಯಕ್ಕೆ ಅಡ್ಡಿ. ಮರು ಫೆಬ್ರವರಿಯಲ್ಲಿ ಮೇಲ್ಮನೆಯಾದ ಸೆನೆಟ್ ಅವರನ್ನು ಖುಲಾಸೆಗೊಳಿಸಿತು.

ಸಬೂಬನ್ನು ಹೇಳಿದವರು ಯಾರು ಎಂಬುದನ್ನೂ ಗಮನಿಸಬೇಕು. 2009ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ಕೆಲ ದಿನ ಕಾಣೆಯಾದಾಗ, ಅವರು ಬೆಟ್ಟದ ಚಾರಣದಲ್ಲಿದ್ದಾರೆ ಎಂದು ಜನರಿಗೆ ಹೇಳಿದ್ದು ಅವರ ಸಿಬ್ಬಂದಿ. ಅವರಿದ್ದದ್ದು ಅರ್ಜೆಂಟೀನಾದಲ್ಲಿ, ಗೆಳತಿಯ ಬಳಿ. ಸರ್ಕಾರದ ಸಂಬಳ ಪಡೆಯುವವರ ಬಾಯಿಂದ ಸುಳ್ಳು ಹೇಳಿಸಿದ್ದು, ರಾಜ್ಯದ ಮುಖ್ಯಸ್ಥನೇ ಕೈಗೆ ಸಿಗದೆ ಹೋದದ್ದು, ಇವೆರಡೂ ಹುದ್ದೆಗೆ ಸಂಬಂಧಿಸಿದ ತಪ್ಪುಗಳು.

ಈಗ ಹೆಚ್ಚು ಕೇಳುವ ಸಬೂಬು 'ವಿಡಿಯೊ ನಕಲಿ'. ನಿಜಕ್ಕೂ ನಕಲಿ ಇರಬಹುದು. ಆದ್ದರಿಂದಲೇ ಸುಮ್ಮನೆ ತಳ್ಳಿಹಾಕಬಾರದು. ಆದರೆ ಕೈಯಿಂದ ಕೈಗೆ ದಾಟಿ ಬಂದ ಪ್ರತಿಯನ್ನು ನೋಡಿ ತೀರ್ಮಾನಿಸಲಾಗದು. ಮೆಸೇಜಿಂಗ್ ಆ್ಯಪ್‌ಗಳು ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತವೆ; ಚಿತ್ರೀಕರಿಸಿದ ಸಮಯ, ಉಪಕರಣದ ವಿವರ ಸಾಮಾನ್ಯವಾಗಿ ಅಳಿಸಿಹೋಗಿರುತ್ತವೆ. ಪ್ರಯೋಗಾಲಯಕ್ಕೆ ಬೇಕಾದದ್ದು ಮೂಲ ಫೈಲ್, ಸಾಧ್ಯವಾದರೆ ಚಿತ್ರೀಕರಿಸಿದ ಫೋನೇ. 'ನಕಲಿ' ಎನ್ನುವವರು ತನಿಖೆಗೆ ತಮ್ಮ ಫೋನ್ ಒಪ್ಪಿಸಿದರೇ, ಅಥವಾ ಪ್ರಸಾರಕ್ಕೆ ತಡೆ ತರಲು ಮಾತ್ರ ಓಡಿದರೇ ಎಂಬುದನ್ನು ನೋಡಿ.

ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು 'ಆಕೆಯ ಒಪ್ಪಿಗೆ ಇತ್ತು' ಎಂಬ ಮಾತು. ಆಕೆಯ ಕೆಲಸ, ಬಡ್ತಿ, ವರ್ಗಾವಣೆ ಯಾರ ಸಹಿಯಲ್ಲಿತ್ತು ಎಂದು ಮೊದಲು ಕೇಳಿ. ಅದು ಆ ನಾಯಕರದೇ ಸಹಿಯಾಗಿದ್ದರೆ, ಬೇಡ ಎನ್ನಲು ಆಕೆಗೆ ಎಷ್ಟು ಜಾಗವಿತ್ತು? 'ಇಷ್ಟು ದಿನ ಯಾಕೆ ಸುಮ್ಮನಿದ್ದಳು' ಎಂಬುದಕ್ಕೂ ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ಮತ್ತೆ, ಅಂಥ ವಿಡಿಯೊ ನಿಮ್ಮ ಫೋನಿಗೂ ಬಂದಿದ್ದರೆ ದಯವಿಟ್ಟು ಯಾರಿಗೂ ಕಳಿಸಬೇಡಿ. ಅದರಲ್ಲಿ ಆಕೆಯ ಮುಖವೂ ಇದೆ.