ಎರಿ ಮಣ್ಣಿನ ಸೆಲ್ಲಾರ್: ಸೋರುವ ಬಿರುಕಿನ ಕೆಲಸ ಎಲ್ಲಿಗೆ ಬಂತು

ಸ್ಥಳ ಕಲಬುರಗಿ. ಸೆಲ್ಲಾರಿನ ಕಾಂಕ್ರೀಟ್ ಗೋಡೆ 230 ಮಿ.ಮೀ. ದಪ್ಪ, ಹೊರಗೆ ಎರಿ ಮಣ್ಣು. ನೆಟ್ಟಗಿನ ಬಿರುಕು 2.4 ಮೀಟರ್ ಉದ್ದ, ಅರ್ಧ ಮಿ.ಮೀ. ಅಗಲ. ಜೋರು ಮಳೆಯ ಮರುದಿನ ನೀರು ಜಿನುಗುತ್ತಿತ್ತು. ಈ ಬಿರುಕಿಗೆ ರೆಸಿನ್ (ದ್ರವವಾಗಿ ಒಳಹೋಗಿ ಆಮೇಲೆ ಗಟ್ಟಿಯಾಗುವ ರಾಸಾಯನಿಕ) ಒತ್ತಿ ತುಂಬಿ ಸೋರಿಕೆ ನಿಲ್ಲಿಸುವ ಕೆಲಸ ಇದು.

ಜುಲೈ: ಗಿಲಾವ್ ಕಿತ್ತು ನೋಡಿದ್ದು

ಒದ್ದೆ ಕಂಡ ಜಾಗವೇ ಸೋರುವ ಜಾಗ ಅಂತಲ್ಲ. ನೀರು ಗಿಲಾವಿನ ಹಿಂದೆ ಹರಿದು ಇನ್ನೆಲ್ಲೋ ಮುಖ ತೋರಿಸುತ್ತದೆ. ಬಿರುಕಿನ ಎರಡೂ ಬದಿ ಒಂದೊಂದು ಗೇಣು ಗಿಲಾವ್ ಕಿತ್ತು ವೈರ್ ಬ್ರಷ್‌ನಿಂದ ಉಜ್ಜಿದಾಗ ಬಿಳಿ ಸುಣ್ಣದ ಗೆರೆ ಸಿಕ್ಕಿತು. ಬಿರುಕು ಹೋದ ದಾರಿ ಅದೇ.

ಹಿಂದೆ ತುರುಕಿದ್ದ, ಬೇಗ ಗಟ್ಟಿಯಾಗುವ ಸಿಮೆಂಟ್ ಇನ್ನೂ ಕಲ್ಲಿನಂತಿದೆ. ಅದರ ಅಂಚಿನಲ್ಲೇ ಹೊಸ ಕೂದಲೆಳೆ ಸೀಳು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಹಿಂದೆ ಸರಿಯುತ್ತದೆ. ಅಲುಗುವ ಬಿರುಕಿನಲ್ಲಿ ಬಾಗದ ವಸ್ತು ನಿಲ್ಲುವುದಿಲ್ಲ. ಗಟ್ಟಿಯಾದ ಮೇಲೆ ಬಾಗದ ಎಪಾಕ್ಸಿ ರೆಸಿನ್ನನ್ನೂ ಇದೇ ಕಾರಣಕ್ಕೆ ಕೈಬಿಟ್ಟೆವು. ನೀರು ಹೀರಿ ಉಬ್ಬುವ ಜಾತಿಯ ಪಾಲಿಯುರೆಥೇನ್ ರೆಸಿನ್ ಕೂಡ ಇಲ್ಲಿಗೆ ಸಲ್ಲದು. ಏಪ್ರಿಲ್–ಮೇ ಬಿಸಿಲಿಗೆ ಮಣ್ಣು ಒಣಗಿದಾಗ ಅದೂ ಕುಗ್ಗುತ್ತದೆ, ಮುಂದಿನ ಮಳೆಗೆ ಮತ್ತೆ ಸೋರುತ್ತದೆ. ಬೇಕಾದ್ದು ನೀರನ್ನು ಹೊರದೂಡಿ ನೊರೆಯಾಗುವ, ಒಣಗಿದರೂ ಕುಗ್ಗದ, ಬಾಗುವ ಜಾತಿ.

ಗೋಡೆಯ ನಡುಮಟ್ಟದಲ್ಲಿ ಅಡ್ಡ ಬಿರುಕಿದ್ದು ಗೋಡೆ ಒಳಕ್ಕೆ ಉಬ್ಬಿದ್ದರೆ ಇದ್ಯಾವುದೂ ಬೇಡ, ಮೊದಲು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.

ಆಗಸ್ಟ್: ತೂತು, ಪ್ಯಾಕರ್

ಬಿರುಕಿನಿಂದ 115 ಮಿ.ಮೀ. ಆಚೆ, ಅಂದರೆ ಗೋಡೆಯ ಅರ್ಧ ದಪ್ಪದಷ್ಟು ದೂರದಿಂದ, 45 ಡಿಗ್ರಿ ಓರೆಯಾಗಿ 200 ಮಿ.ಮೀ. ಕೊರೆದರೆ ಗೋಡೆಯ ನಡುವೆ ಬಿರುಕನ್ನು ದಾಟುತ್ತದೆ, ಆಚೆ ಬದಿಗೆ ತೂತು ಬೀಳುವುದಿಲ್ಲ. 200 ಮಿ.ಮೀ.ಗೊಂದರಂತೆ 12 ತೂತು, ಒಂದು ಎಡಕ್ಕೆ ಒಂದು ಬಲಕ್ಕೆ. ಬಿರುಕು ಒಳಗೆ ಓರೆಯಾಗಿದ್ದರೂ ಒಂದು ಬದಿಯವಾದರೂ ಸಿಗುತ್ತವೆ. ಕಬ್ಬಿಣ ತಾಗಿದರೆ ಎರಡು ಬೆರಳು ಸರಿದು ಹೊಸ ತೂತು, ಅದನ್ನೇ ಒತ್ತಿ ಕೊರೆಯಬಾರದು.

ಪ್ರತಿ ತೂತಿಗೂ ನೀರು ಹಾಯಿಸಿ ನೋಡಬೇಕು. ಬಿರುಕಿನಿಂದ ನೀರು ಬಂದರೆ ತೂತು ಸರಿ. ದೂಳು ಉಳಿದರೆ ಕೆಸರಾಗಿ ರೆಸಿನ್‌ನ ದಾರಿ ಕಟ್ಟುತ್ತದೆ. ಗೌಂಡಿಗಳು ಹೆಚ್ಚಾಗಿ ಬಿಡುವ ಹೆಜ್ಜೆ ಇದೇ, ಕೆಲಸ ಕೆಡುವುದೂ ಹೆಚ್ಚಾಗಿ ಇಲ್ಲೇ. ತೊಳೆದ ತೂತಿಗೆ ಪ್ಯಾಕರ್ ಕೂರಿಸಬೇಕು, ಅಂದರೆ ರೆಸಿನ್ ಒತ್ತಲು ತೂತಿನಲ್ಲಿ ಬಿಗಿಯಾಗಿ ಕೂರುವ ಚಿಕ್ಕ ಕೊಳವೆ.

ಸೆಪ್ಟೆಂಬರ್: ಇಂಜೆಕ್ಷನ್

ಗೋಡೆ ಒದ್ದೆಯಿದ್ದಾಗಲೇ ಮಾಡಿದ್ದು, ನೊರೆಯೇಳಲು ನೀರು ಬೇಕಲ್ಲ. ಕೆಳಗಿನ ಪ್ಯಾಕರ್‌ಗೆ ಮಾತ್ರ ನಿಪ್ಪಲ್ (ಪಂಪಿನ ಪೈಪ್ ಸಿಕ್ಕಿಸುವ ಮೂತಿ) ಹಾಕಿ, ಮೇಲಿನವನ್ನು ತೆರೆದಿಟ್ಟು ಕೈಪಂಪಿನಿಂದ ನಿಧಾನಕ್ಕೆ ಒತ್ತಬೇಕು. ಮೇಲಿನ ಪ್ಯಾಕರ್‌ನಿಂದ ಮೊದಲು ತಿಳಿನೀರು, ಆಮೇಲೆ ಹಾಲಿನಂಥ ನೀರು, ಕೊನೆಗೆ ಗಟ್ಟಿ ನೊರೆ ಬರುತ್ತದೆ. ನೊರೆ ಕಂಡಾಗ ಅಲ್ಲಿಗೆ ನಿಪ್ಪಲ್ ಹಾಕಿ ಪೈಪ್ ಮೇಲಕ್ಕೆ. ಪಂಪಿನ ಒತ್ತಡ ತೋರಿಸುವ ಮುಳ್ಳು ಥಟ್ಟನೆ ಏರಿ ರೆಸಿನ್ ಹೋಗದಿದ್ದರೆ ತೂತು ಬಿರುಕಿಗೆ ತಾಗಿಲ್ಲ ಎಂದರ್ಥ. ಜೋರಾಗಿ ಒತ್ತಿದರೆ ಬಿರುಕೇ ಅಗಲವಾದೀತು.

ಲೆಕ್ಕಕ್ಕೆ ಈ ಬಿರುಕಿನಲ್ಲಿ ಹಿಡಿಯುವುದು 280 ಮಿ.ಲೀ. ಅಷ್ಟೇ. ಖಡಿ ಸಂದಿನ ಪೊಳ್ಳು, ಹೊರಗಿನ ಮಣ್ಣು ಸೇರಿ ಅದಕ್ಕಿಂತ ಹೆಚ್ಚೇ ಹೋಗುತ್ತದೆ. ಒಂದೇ ಪ್ಯಾಕರ್ ಅರ್ಧ ಲೀಟರ್ ನುಂಗಿದರೂ ಮೇಲೆ ಏನೂ ಬಾರದಿದ್ದರೆ ನಿಲ್ಲಿಸಿ, ನೊರೆ ಗಟ್ಟಿಯಾಗಲು ಬಿಟ್ಟು, ಮತ್ತೆ ಒತ್ತಿ. ಪಂಪನ್ನು ನೀರಿನಿಂದ ತೊಳೆದರೆ ಅದರೊಳಗೇ ನೊರೆ ಹುಟ್ಟುತ್ತದೆ. ತಯಾರಕರು ಹೇಳಿದ ಸಾಲ್ವೆಂಟೇ ಬೇಕು. ಕೈಗವಸು, ಕನ್ನಡಕ, ಸೆಲ್ಲಾರಿಗೊಂದು ದೊಡ್ಡ ಫ್ಯಾನ್ ಇಲ್ಲದೆ ಡಬ್ಬಿ ತೆರೆಯಬೇಡಿ.

ಈಗಿನ ಸ್ಥಿತಿ

ನೆಟ್ಟಗಿನ ಬಿರುಕು ಒಣಗಿದೆ. ಪ್ಯಾಕರ್ ತೆಗೆದು ತೂತುಗಳಿಗೆ ಪಾಲಿಮರ್ ಗಾರೆ ತುಂಬಿದ್ದಾಗಿದೆ. ನೆಲ–ಗೋಡೆ ಕೂಡುವ ಸಂದಿಯಲ್ಲಿ ಇನ್ನೂ ಪಸೆಯಿದೆ, ಅಲ್ಲಿಗೆ ಬೇರೆ ಪ್ಯಾಕರ್ ಸಾಲು ಬೇಕು. ಹೊರಗೆ ಮಾಳಿಗೆಯ ಮಳೆನೀರಿನ ಪೈಪ್ ನೇರ ಗೋಡೆಯ ಬುಡಕ್ಕೇ ಸುರಿಯುತ್ತಿದೆ. ಅದನ್ನು ಚರಂಡಿಗೆ ತಿರುಗಿಸಿ, ಗೋಡೆ ಪಕ್ಕದ ಎರಿ ಮಣ್ಣು ತೆಗೆದು ಮುರುಮ್ (ಗರಸು ಮಣ್ಣು) ತುಂಬಬೇಕು. ಗಿಲಾವ್ ಮಾತ್ರ ಮುಂದಿನ ಮಳೆಗಾಲ ಮುಗಿಯುವವರೆಗೆ ಹಾಕುವುದಿಲ್ಲ, ಬಿರುಕು ಕಣ್ಣಿಗೆ ಕಾಣುತ್ತಿರಲಿ.