ಮಿನ್ಹಾಜ್ ನಕ್ಷೆ: ಇಮಾಮ್ ನವವಿ ತನಕ ಬಂದಾಯಿತು

ಪುಸ್ತಕಗಳ ವಂಶಾವಳಿ ಬರೆಯುವ ನನ್ನ ಹುಚ್ಚು ಗೊತ್ತಿದ್ದವರಿಗೆ ಇದು ಮುಂದಿನ ಕಂತು. ಈ ಸಲ ಗೋಡೆಯ ಚಾರ್ಟ್ ಶೀಟಿನ ಮಧ್ಯದಲ್ಲಿ ಇರುವುದು ‘ಮಿನ್ಹಾಜುತ್ತಾಲಿಬೀನ್’. ಶಾಫಿಈ ಮದ್‌ಹಬಿನ (ಇಸ್ಲಾಮಿ ಕಾನೂನಿನ ಒಂದು ಪಂಥ) ಕಾನೂನು ಗ್ರಂಥ. ಬರೆದವರು ಇಮಾಮ್ ನವವಿ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈಗಳು; ಘಟ್ಟ ಹತ್ತಿದರೆ ಜಾಸ್ತಿ ಜನ ಇನ್ನೊಂದು ಪಂಥದವರು, ಹನಫಿಗಳು. ಇದು ಯಾಕೆ ಹೀಗೆ ಅಂತ ಸುಮ್ನೆ ಕೆದಕಲು ಹೋದವನು ಓದುತ್ತಾ ಓದುತ್ತಾ ನವವಿ ಇದ್ದ ಡಮಾಸ್ಕಸ್‌ಗೆ ಹೋಗಿ ನಿಂತೆ.

ಮೇಲಿನ ಕೊಂಬೆಗಳು, ಅಂದರೆ ಮಿನ್ಹಾಜಿಗಿಂತ ಹಿಂದಿನವು, ಮುಗಿದವು. ತುದಿಯಲ್ಲಿ ಜುವೈನಿ (ನಿಧನ 1085), ಅವರ ಕೆಳಗೆ ಶಿಷ್ಯ ಗಝಾಲಿ (ನಿಧನ 1111). ಗಝಾಲಿ ಒಂದೇ ವಿಷಯವನ್ನು ದೊಡ್ಡದು, ನಡುವಿನದು, ಚಿಕ್ಕದು ಅಂತ ಮೂರು ಅಳತೆಯಲ್ಲಿ ಬರೆದರು: ಬಸೀತ್, ವಸೀತ್, ವಜೀಝ್. ಅದರ ಕೆಳಗೆ ಇರಾನಿನ ಕಝ್ವೀನಿನ ರಾಫಿಈ (ನಿಧನ 1226) ಬರೆದ ‘ಮುಹರ್ರರ್’. ಇದು ವಜೀಝಿನ ಸಂಗ್ರಹವೇ, ಅಲ್ಲವೇ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತ ಇಲ್ಲ. ಅಲ್ಲಿ ಚುಕ್ಕಿ ಗೆರೆ ಹಾಕಿದ್ದೇನೆ. ಮುಹರ್ರರಿನಿಂದ ಮಿನ್ಹಾಜಿಗೆ ಮಾತ್ರ ಗಟ್ಟಿ ಗೆರೆ. ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತೇನೆ ಅಂತ ನವವಿ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ.

ಈ ಮುನ್ನುಡಿಯಲ್ಲೇ ನಾನು ಜಾಸ್ತಿ ದಿನ ಕಳೆದದ್ದು. ಹಳೆಯ ಪುಸ್ತಕವನ್ನು ಚಿಕ್ಕದು ಮಾಡುವಾಗ ಯಾವುದು ರಾಫಿಈ ಮಾತು, ಯಾವುದು ತನ್ನ ಮಾತು ಅಂತ ಓದುವವನಿಗೆ ತಿಳಿಯಬೇಕಲ್ವಾ? ಅದಕ್ಕೆ ನವವಿ ಒಂದು ಉಪಾಯ ಮಾಡಿದರು. ತಾನು ಸೇರಿಸಿದ್ದು ‘ಕುಲ್ತು’ (ನಾನು ಹೇಳುತ್ತೇನೆ) ಅಂತ ಶುರುವಾಗುತ್ತದೆ, ‘ವಲ್ಲಾಹು ಅಅ್‌ಲಂ’ (ದೇವರೇ ಚೆನ್ನಾಗಿ ಬಲ್ಲ) ಅಂತ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ತಿದ್ದುಪಡಿ ಬೇರೆ ಬಣ್ಣದಲ್ಲಿ ಕಾಣುವ ಹಾಗೆ. ನಾನೂ ನನ್ನ ಪ್ರತಿಯಲ್ಲಿ ಈ ಎರಡರ ನಡುವಿನ ಭಾಗಕ್ಕೆಲ್ಲ ಹಸಿರು ಪೆನ್ಸಿಲ್ ಹಚ್ಚುತ್ತಾ ಬಂದಿದ್ದೇನೆ.

ಇನ್ನೊಂದು ಏರ್ಪಾಡು ಇದಕ್ಕಿಂತ ಸೊಗಸು. ಒಂದು ಪ್ರಶ್ನೆಗೆ ಪಂಥದ ಮೂಲಪುರುಷ ಇಮಾಮ್ ಶಾಫಿಈ ಅವರದ್ದೇ ಎರಡು ಉತ್ತರ ಇದ್ದು, ಬಿಟ್ಟ ಉತ್ತರವೂ ಬಲವಾಗಿದ್ದರೆ, ಆರಿಸಿದ್ದಕ್ಕೆ ‘ಅಝ್‌ಹರ್’ ಅನ್ನುತ್ತಾರೆ. ಬಿಟ್ಟದ್ದು ದುರ್ಬಲವಾಗಿದ್ದರೆ ‘ಮಶ್‌ಹೂರ್’. ಭಿನ್ನಾಭಿಪ್ರಾಯ ಇಮಾಮರದ್ದಲ್ಲ, ಅವರ ಪರಂಪರೆಯ ವಿದ್ವಾಂಸರದ್ದು ಅಂತಾದರೆ ಇದೇ ಕ್ರಮದಲ್ಲಿ ‘ಅಸಹ್ಹ್’ ಮತ್ತು ‘ಸಹೀಹ್’. ಮದ್‌ಹಬಿನ ನಿಲುವು ಏನು ಅಂತ ವರದಿ ಮಾಡಿದವರಲ್ಲೇ ವ್ಯತ್ಯಾಸ ಇದ್ದರೆ ‘ಅಲ್ ಮದ್‌ಹಬ್’. ಅಂದರೆ ಒಂದೇ ಪದದಲ್ಲಿ ಮೂರು ಸಂಗತಿ: ಇಲ್ಲಿ ಜಗಳ ಇತ್ತು, ಜಗಳ ಯಾರ ನಡುವೆ, ಸೋತವನಿಗೆ ಎಷ್ಟು ಬಲ ಇತ್ತು. ನವವಿ ಹೊಸ ಸಿದ್ಧಾಂತ ಕಟ್ಟಿದವರಲ್ಲ, ಬರೀ ಸಂಗ್ರಹಕಾರ ಅಂತ ಮೂಗು ಮುರಿಯುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಭಿನ್ನಾಭಿಪ್ರಾಯವನ್ನು ಅಳಿಸದೆ ಪುಸ್ತಕವನ್ನು ಅರ್ಧ ಮಾಡುವುದು ಎಲ್ಲರ ಕೈಯಲ್ಲಿ ಆಗುವ ಕೆಲಸ ಅಲ್ಲ.

ಬಿಸಿಲಿಗೆ ಕಾದ ನೀರಿನ ವಿಷಯ ನೋಡಿ. ಸೆಕೆಯ ಊರಿನಲ್ಲಿ ಲೋಹದ ಪಾತ್ರೆಯಲ್ಲಿಟ್ಟು ಬಿಸಿಲಿಗೆ ಕಾದ ನೀರನ್ನು ಮೈಗೆ ಬಳಸುವುದು ಒಳ್ಳೆಯದಲ್ಲ, ಚರ್ಮರೋಗ ಬರಬಹುದು ಅನ್ನುವುದು ಮದ್‌ಹಬಿನ ಹಳೆಯ ಮಾತು. ಮಿನ್ಹಾಜಿನಲ್ಲಿ ನವವಿ ಅದನ್ನು ‘ಮಕ್ರೂಹ್’ (ನಿಷಿದ್ಧವಲ್ಲ, ಆದರೆ ಮಾಡದಿರುವುದು ಒಳ್ಳೆಯದು) ಅಂತಲೇ ಬರೆದರು. ಆದರೆ ಅವರದ್ದೇ ಇನ್ನೊಂದು ಗ್ರಂಥ ‘ರೌದಾ’ದಲ್ಲಿ, ಆಧಾರ ನೋಡಿದರೆ ಮಕ್ರೂಹ್ ಅಲ್ಲ ಅನ್ನುವುದೇ ಸರಿ ಅನ್ನುತ್ತಾರೆ. ಒಂದು ಕಡೆ ಮದ್‌ಹಬಿನ ಪರ ವಕೀಲ, ಇನ್ನೊಂದು ಕಡೆ ಸ್ವಂತ ಬುದ್ಧಿ. ಈ ಎರಡು ಪುಸ್ತಕಗಳ ನಡುವೆ ನಕ್ಷೆಯಲ್ಲಿ ಕೆಂಪು ಬಾಣ ಬಿದ್ದಿದೆ.

ಬದಿಯಲ್ಲಿ ಅವರ ಜೀವನದ ಪಟ್ಟಿಯೂ ತುಂಬುತ್ತಿದೆ. 1233ರಲ್ಲಿ ಡಮಾಸ್ಕಸ್‌ನ ದಕ್ಷಿಣಕ್ಕಿರುವ ನವಾ ಎಂಬ ಊರಿನಲ್ಲಿ ಜನನ. ಹೆಸರು ಬಂದದ್ದು ಆ ಊರಿಂದಲೇ. ಅಪ್ಪನಿಗೆ ಅಂಗಡಿ ಇತ್ತು, ಮಗನಿಗೆ ವ್ಯಾಪಾರದಲ್ಲಿ ಮನಸ್ಸಿರಲಿಲ್ಲ. 19ನೇ ವಯಸ್ಸಿಗೆ ಡಮಾಸ್ಕಸ್‌ನ ರವಾಹಿಯ್ಯ ಮದ್ರಸಕ್ಕೆ ಬಂದರು. ದಿನಕ್ಕೆ 12 ಪಾಠ ಓದುತ್ತಿದ್ದರಂತೆ. ಶಿಷ್ಯ ಇಬ್ನುಲ್ ಅತ್ತಾರ್ ಇದನ್ನೆಲ್ಲ ಬರೆದಿಟ್ಟಿದ್ದಾರೆ.

ಆ ಶಿಷ್ಯನ ಬರಹದಲ್ಲಿ ನನಗೆ ತುಂಬ ಹಿಡಿಸಿದ್ದು ಹಣ್ಣಿನ ವಿಷಯ. ಡಮಾಸ್ಕಸ್ ಅಂದರೆ ತೋಟಗಳ ಊರು. ಅಲ್ಲಿದ್ದುಕೊಂಡು ನವವಿ ಅಲ್ಲಿನ ಹಣ್ಣು ತಿನ್ನುತ್ತಿರಲಿಲ್ಲ. ಕಾರಣ ಕೇಳಿದರೆ ಸಿಕ್ಕಿದ್ದು ಪಕ್ಕಾ ಕಾನೂನಿನ ಉತ್ತರ: ತೋಟಗಳಲ್ಲಿ ಬಹಳಷ್ಟು ವಕ್ಫಿನವು, ಇಲ್ಲವೇ ಸ್ವತಃ ವ್ಯವಹರಿಸಲು ಅಧಿಕಾರವಿಲ್ಲದವರ ಪರವಾಗಿ ಪೋಷಕರ ಕೈಯಲ್ಲಿರುವ ಆಸ್ತಿ, ಅವನ್ನು ಫಸಲಿನ ಪಾಲಿಗೆ ಕೊಡುವ ಕರಾರಿನ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಹಾಗಿರುವಾಗ ಮನಸ್ಸು ಹೇಗೆ ಒಪ್ಪೀತು? ಮದುವೆಯೂ ಆಗಲಿಲ್ಲ. 1267ರಲ್ಲಿ ಹದೀಸ್ (ಪ್ರವಾದಿಯ ನುಡಿಗಳು) ಕಲಿಸುವ ಅಶ್ರಫಿಯ್ಯ ದಾರುಲ್ ಹದೀಸಿನ ಮುಖ್ಯಸ್ಥರಾದರು, ಸಂಬಳ ಮುಟ್ಟಲಿಲ್ಲ. ಆಗ ಆಳುತ್ತಿದ್ದ ಮಮ್ಲೂಕ್ ಸುಲ್ತಾನ್ ಬೈಬರ್ಸ್ ಡಮಾಸ್ಕಸ್ ಸುತ್ತಲಿನ ತೋಟಗಳಿಗೆ ಕೈ ಹಾಕಿದಾಗ ಇದು ತಪ್ಪು ಅಂತ ಪತ್ರ ಬರೆದವರೂ ಇವರೇ. ತಾನು ಹಣ್ಣು ತಿನ್ನದ ತೋಟಗಳಿಗಾಗಿ! ಬೈಬರ್ಸ್ ತೀರಿಕೊಂಡದ್ದು 1277ರ ಜುಲೈನಲ್ಲಿ, ನವವಿ ಅದೇ ವರ್ಷದ ಡಿಸೆಂಬರಿನಲ್ಲಿ, ಹುಟ್ಟೂರು ನವಾದಲ್ಲಿ. ವಯಸ್ಸು 44. ದೊಡ್ಡ ಗ್ರಂಥ ‘ಮಜ್ಮೂಅ್’ ಅರ್ಧಕ್ಕೇ ನಿಂತಿತು.

‘ರಿಯಾದುಸ್ಸಾಲಿಹೀನ್’, ‘ನಲವತ್ತು ಹದೀಸ್’ (ಅದರಲ್ಲಿರುವುದು 42!) ಎಲ್ಲರಿಗೂ ಗೊತ್ತಿರುವ ಪುಸ್ತಕಗಳು. ಅವಕ್ಕೆ ಸಣ್ಣ ಡಬ್ಬಿ ಸಾಕು.

ಕೆಳಗಿನ ಕೊಂಬೆಗಳೇ ಈಗ ತಲೆನೋವು. ಮಿನ್ಹಾಜಿಗೆ ವ್ಯಾಖ್ಯಾನಗಳು ಒಂದೆರಡಲ್ಲ. ಜಲಾಲುದ್ದೀನ್ ಮಹಲ್ಲಿ (ನಿಧನ 1459) ಅವರದ್ದನ್ನು ಕೇರಳದ ದರ್ಸ್‌ಗಳಲ್ಲಿ (ಮಸೀದಿಯ ಪಾಠಶಾಲೆ) ಸುಮ್ನೆ ‘ಮಹಲ್ಲಿ’ ಅಂತಲೇ ಕರೆಯುತ್ತಾರೆ. ಅದರ ಅಚ್ಚಿನ ಪುಟ ತೆರೆದರೆ ನವವಿಯ ಮಾತು ಕಂಸದೊಳಗೆ, ಸುತ್ತ ಮಹಲ್ಲಿ, ಅಡಿಯಲ್ಲಿ ಕಲ್ಯೂಬಿ ಮತ್ತು ಉಮೈರ ಅವರ ಟಿಪ್ಪಣಿಗಳು. ನಾಲ್ಕು ಜನ ಒಂದೇ ಪುಟದಲ್ಲಿ. ಇದನ್ನು ಹಾಗೇ ನಕಲು ಮಾಡಿ ನಕ್ಷೆಯ ಮೂಲೆಗೆ ಅಂಟಿಸಿದ್ದೇನೆ.

ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ‘ಫತ್‌ಹುಲ್ ಮುಈನ್’ ಮಿನ್ಹಾಜಿನ ನೇರ ಮಗು ಅಲ್ಲ. ತಮ್ಮದೇ ‘ಕುರ್ರತುಲ್ ಐನ್’ಗೆ ಅವರು ಬರೆದ ವ್ಯಾಖ್ಯಾನ ಅದು. ಆದರೆ ಮಖ್ದೂಮರ ಗುರು ಇಬ್ನು ಹಜರ್ ಹೈತಮಿ, ಅವರ ‘ತುಹ್ಫ’ ಮಿನ್ಹಾಜಿನದ್ದೇ ವ್ಯಾಖ್ಯಾನ. ಹಾಗಾಗಿ ಪೊನ್ನಾನಿಗೆ ಅಡ್ಡಗೆರೆ.

ಮುಂದಿನ ಕೆಲಸ ತುಹ್ಫ ಮತ್ತು ಮಿನ್ಹಾಜಿನ ಇನ್ನೊಂದು ವ್ಯಾಖ್ಯಾನವಾದ ರಮ್ಲಿಯವರ ‘ನಿಹಾಯ’ ಎದುರುಬದುರು ಇಟ್ಟು ನೋಡುವುದು. ಯೆಮನಿನ ಹದ್ರಮೌತ್ ಕಡೆಯವರು ಇಬ್ನು ಹಜರ್ ಪಕ್ಷ, ಈಜಿಪ್ಟಿನವರು ರಮ್ಲಿ ಪಕ್ಷ. ವುಝೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಅಧ್ಯಾಯದಿಂದ ಶುರು ಮಾಡುತ್ತೇನೆ. ಆಮೇಲೆ ಬಟಾವಿಯಾದ (ಈಗಿನ ಜಕಾರ್ತ) ಕೊಂಬೆ: ಡಚ್ಚರ ಆಡಳಿತದಲ್ಲಿ 1882–84ರಲ್ಲಿ ಮಿನ್ಹಾಜ್ ಫ್ರೆಂಚಿಗೆ ಹೋಯಿತು, 1914ರಲ್ಲಿ ಆ ಫ್ರೆಂಚಿನಿಂದ ಇಂಗ್ಲಿಷಿಗೆ. ಅದಕ್ಕೆ ಇನ್ನೊಂದು ಶೀಟು ತರಬೇಕು.