ವೆಸ್ಟ್ ಕೆನೆಟ್ ಗೋರಿದಿಬ್ಬ: ಟಾರ್ಚ್ ಹಿಡಿದೇ ಹೋಗಿ

ಸ್ಟೋನ್‌ಹೆಂಜ್‌ಗೆ ಹೋದವರು ಟಿಕೆಟ್ ಕೊಂಡು, ಕಲ್ಲುಗಳನ್ನು ದೂರದಿಂದ ನೋಡಿ ವಾಪಸಾಗುತ್ತಾರೆ. ಅದಿರುವ ಇಂಗ್ಲೆಂಡಿನ ವಿಲ್ಟ್‌ಶರ್‌ನಲ್ಲೇ, ಏವ್‌ಬರಿ ಎಂಬ ಹಳ್ಳಿಯ ಹತ್ತಿರದ ವೆಸ್ಟ್ ಕೆನೆಟ್ ದಿಬ್ಬಕ್ಕೆ ಟಿಕೆಟ್ ಇಲ್ಲ, ಕಾವಲಿಲ್ಲ. ಕ್ರಿ.ಪೂ. 3650ರ ಸುಮಾರಿನ ಈ ಗೋರಿಯ ಒಳಗೇ ಹೊಕ್ಕು ಬರಬಹುದು.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಏವ್‌ಬರಿಗೆ ಬಸ್. ಇಳಿದ ಮೇಲೆ ಸಿಲ್ಬರಿ ಗುಡ್ಡದ ಪಕ್ಕದಲ್ಲೇ ಎರಡೂವರೆ ಕಿ.ಮೀ. ನಡಿಗೆ. ಕಾರಿನವರು ಎ4 ರಸ್ತೆಬದಿಯ ಲೇಬೈನಲ್ಲಿ ನಿಲ್ಲಿಸಿದರೆ 800 ಮೀಟರ್ ಸಾಕು, ಆದರೆ ಅಲ್ಲಿ ಜಾಗ ಕಡಿಮೆ. ಶೌಚಾಲಯ ಏವ್‌ಬರಿಯಲ್ಲೇ ಮುಗಿಸಿಕೊಳ್ಳಿ. ದಾರಿಯದು ಸುಣ್ಣಮಣ್ಣು, ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಹಿಡಿತವಿರುವ ಬೂಟು ಬೇಕು.

ದಿಬ್ಬದ ಉದ್ದ ಸುಮಾರು 100 ಮೀಟರ್. ಅಷ್ಟೂ ಪೊಳ್ಳಲ್ಲ! ಪೂರ್ವ ತುದಿಯ 12 ಮೀಟರ್ ಮಾತ್ರ ಓಣಿ, ಉಳಿದದ್ದೆಲ್ಲ ಬರೀ ಮಣ್ಣುಕಲ್ಲು. ಎದುರಿಗೆ ಆಳೆತ್ತರವನ್ನೂ ಮೀರಿದ ಬಂಡೆಗಳು ಅಡ್ಡ ನಿಂತಿವೆ. ಬಾಗಿಲು ಮುಚ್ಚಿದೆ ಎಂದುಕೊಳ್ಳಬೇಡಿ, ಬಂಡೆಯ ಹಿಂದಕ್ಕೆ ಬಳಸಿ ಬಂದರೆ ಬಾಯಿ ಕಾಣುತ್ತದೆ. ಗೋರಿಯನ್ನು ಕೊನೆಗೆ ಮುಚ್ಚಿದಾಗ ಇಟ್ಟ ಕಲ್ಲುಗಳಿವು. ಪುರಾತತ್ವಜ್ಞರಾದ ಸ್ಟುವರ್ಟ್ ಪಿಗಟ್, ರಿಚರ್ಡ್ ಅಟ್ಕಿನ್ಸನ್ 1955-56ರಲ್ಲಿ ಅಗೆದ ನಂತರ ದುರಸ್ತಿ ನಡೆದಿರುವುದರಿಂದ ಕಾಣುವುದೆಲ್ಲ ಮೂಲದ್ದಲ್ಲ. ಮೇಲಿಂದ ಬೆಳಕು ಬೀಳುವ ಗಾಜು ಹೊಸಕಾಲದ್ದು.

ಓಣಿಯಲ್ಲಿ ನೆಟ್ಟಗೆ ನಿಲ್ಲಬಹುದು. ಎಡಬಲಕ್ಕೆ ಎರಡೆರಡು, ತುದಿಗೆ ಒಂದು, ಒಟ್ಟು ಐದು ಕೋಣೆ. ಪಕ್ಕದವುಗಳಿಗೆ ನುಗ್ಗುವಾಗ ತಲೆ ಜೋಪಾನ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು. ಐದು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಟಾರ್ಚನ್ನು ಕಲ್ಲಿಗೆ ನೇರವಾಗಿ ಹಿಡಿಯದೆ ಗೋಡೆಗುಂಟ ಓರೆಯಾಗಿ ಹಾಯಿಸಿ. ಕಲ್ಲಿನ ಉಬ್ಬುತಗ್ಗು, ದೊಡ್ಡ ಬಂಡೆಗಳ ಸಂದಿಗೆ ಗಾರೆಯಿಲ್ಲದೆ ಪೇರಿಸಿದ ಚಪ್ಪಟೆ ಸುಣ್ಣಕಲ್ಲು ಆಗ ಎದ್ದು ಕಾಣುತ್ತವೆ. ಆ ಸುಣ್ಣಕಲ್ಲು ಇಲ್ಲಿಯದಲ್ಲ, ಹತ್ತಾರು ಕಿ.ಮೀ. ದೂರದಿಂದ ಹೊತ್ತು ತಂದದ್ದು. ಮೊಬೈಲ್ ಬೆಳಕು ಕಾಲಡಿಗೆ ಸಾಕು, ಚಾವಣಿಗೆ ಸಾಲದು.

ಇಲ್ಲಿ ಸಿಕ್ಕಿದ್ದು ಕನಿಷ್ಠ 36 ಜನರ ಮೂಳೆ, ಮಕ್ಕಳದೂ ಸೇರಿ. ಅವರನ್ನೆಲ್ಲ ಇಟ್ಟದ್ದು ಒಂದು ತಲೆಮಾರಿನಷ್ಟು ಅವಧಿಯಲ್ಲಿ ಎಂದು ಮೂಳೆಗಳ ವಯಸ್ಸು ಅಳೆಯುವ ರೇಡಿಯೋಕಾರ್ಬನ್ ಲೆಕ್ಕ ಹೇಳುತ್ತದೆ. ಆಮೇಲೆ ಕೋಣೆಗಳಿಗೆ ಮಣ್ಣು, ಮಡಕೆಚೂರು ತುಂಬುವ ಕೆಲಸವೇ ಬಹುಕಾಲ ನಡೆದದ್ದು. ತಲೆಬುರುಡೆ, ಉದ್ದನೆಯ ಮೂಳೆಗಳು ಅಷ್ಟು ಜನರಿಗೆ ಇರಬೇಕಾದ ಲೆಕ್ಕಕ್ಕಿಂತ ಕಡಿಮೆಯಿದ್ದವು.

ಮೇಣದಬತ್ತಿ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ: ಮಸಿ ಕಲ್ಲಿಗೆ ಅಂಟುತ್ತದೆ, ಕಾವಿಗೆ ಕಲ್ಲು ಸಿಡಿಯುತ್ತದೆ. ಮೂಳೆ ನೋಡುವ ಆಸೆಯಿಂದಲೂ ಹೋಗಬೇಡಿ, ಒಳಗೆ ಏನೂ ಉಳಿದಿಲ್ಲ. ಅಗೆತದಲ್ಲಿ ಸಿಕ್ಕ ಮಡಕೆಗಳಿಗಾಗಿ ಡಿವೈಜಸ್‌ನ ವಿಲ್ಟ್‌ಶರ್ ಮ್ಯೂಸಿಯಂಗೆ ಅರ್ಧ ದಿನ ಎತ್ತಿಡಿ.